ಎರಡು ಮನೆಗಳ ಹಗೇವು

ಮೊನ್ನೆ ಸಂಜೆ ಟೊರೆನ್ಸ್‌ನ ನಮ್ಮ ಬೀದಿಯಲ್ಲಿ ನಡೆದು ಬರುವಾಗ ಯಾರದೋ ಅರ್ಧ ತೆರೆದ ಗರಾಜಿನಿಂದ ಜೋಳದ ರೊಟ್ಟಿ ಬೇಯುವ ವಾಸನೆ ಬಂತು. ಹಂಚಿನ ಮೇಲೆ ಉದುರಿದ ಹಿಟ್ಟು ಕಪ್ಪಾಗುವಾಗಿನ ವಾಸನೆ. ಒಳಗೆ ಯಾರಿದ್ದರೋ ತಿಳಿಯದು. ನಾನು ಸುಮ್ಮನೆ ನಿಂತುಬಿಟ್ಟೆ. ಹಿಂದೆ ನಾವಿದ್ದ ಕಾರ್ಮೆಲ್ ವ್ಯಾಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಯಿ ನೆನಪಾದರು...

ಆಯಿ ಎಂದರೆ ಅವರ ಕಡೆ ಅಜ್ಜಿ. ಕಲಬುರ್ಗಿ ಹತ್ತಿರದ ಹಳ್ಳಿಯವರು. ಮಗ, ಸೊಸೆ ಬೆಳಿಗ್ಗೆ ಕಾರು ಹತ್ತಿದರೆ ಬರುವುದು ಸಂಜೆಗೆ. ಮನೆಯೊಳಗೆ ರೊಟ್ಟಿ ಮಾಡಿದರೆ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತದೆಂದು ಮಗ ಗರಾಜಿನಲ್ಲೇ ಒಂದು ಒಲೆ ಇಟ್ಟುಕೊಟ್ಟಿದ್ದ. ಶಾಲೆ ಬಿಟ್ಟ ಮೇಲೆ ಒಂಬತ್ತು ವರ್ಷದ ಮೊಮ್ಮಗಳು ಮತ್ತು ಬೀದಿಯ ಕೊನೆಯ ಮನೆಯ ಅವಳ ಗೆಳತಿ ಅಲ್ಲಿ ಮಡಚುವ ಕುರ್ಚಿಗಳಲ್ಲಿ ಕೂತು, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಗೆಳತಿಯ ಮನೆಯವರು ಹೈದರಾಬಾದಿನ ಮುಸ್ಲಿಮರು. ಅವಳ ತಾಯಿಯ ಜೊತೆ ಆಯಿ ಉರ್ದುವಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು.

ನನಗೆ ಆಗ ಕೆಲಸ ಮಾಡುವ ವೀಸಾ ಇರಲಿಲ್ಲ. ಮಧ್ಯಾಹ್ನಗಳೆಲ್ಲ ಆಯಿಯ ಗರಾಜಿನಲ್ಲೇ ಕಳೆದವು. ನನ್ನ ಬೆಂಗಳೂರು ಕನ್ನಡ ಕೇಳಿ ಅವರು ನಗುತ್ತಿದ್ದರು. "ನಿನ್ನ ಮಾತೇನವ್ವಾ, ಸಕ್ಕರಿ ಹಾಕಿದಂಗ. ಬೈದ್ರೂ ಬೈದಂಗ ಆಗಂಗಿಲ್ಲ." ಸೊಸೆಯ ಮೇಲಿನ ಸಣ್ಣಪುಟ್ಟ ದೂರುಗಳನ್ನೂ ನನ್ನ ಮುಂದೆಯೇ ಹೇಳಿಕೊಳ್ಳುತ್ತಿದ್ದರು. ಮೊಮ್ಮಗಳು ಅಲ್ಲೇ ಕೂತಿದ್ದರೂ ಅವರಿಗೆ ಅಳುಕಿರಲಿಲ್ಲ. "ಇಕಿಗಿ ಉಣ್ಣು, ಮಕ್ಕೋ, ಇಷ್ಟ ತಿಳೀತದ" ಎನ್ನುತ್ತಿದ್ದರು. ಹುಡುಗಿ ಯಾವುದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದುದರಿಂದ ಅವಳಿಗೆ ಕನ್ನಡ ಅಷ್ಟೇ ತಿಳಿಯುತ್ತದೆಂದು ನಾವೆಲ್ಲರೂ ನಂಬಿದ್ದೆವು.

2003ರ ವಸಂತ. ಇರಾಕ್ ಯುದ್ಧ ಶುರುವಾಗಿತ್ತು. ಹುಡುಗಿಯ ತರಗತಿಯಲ್ಲೇ ಕೆಲವರ ಅಪ್ಪಂದಿರು ನೌಕಾಪಡೆಯ ಹಡಗು ಹತ್ತಿ ಯುದ್ಧಕ್ಕೆ ಹೋಗಿದ್ದರು. ಆಗ ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಅಜ್ಜನೋ ಅಜ್ಜಿಯೋ ನಿಮ್ಮ ವಯಸ್ಸಿನವರಾಗಿದ್ದ ವರ್ಷ ಜಗತ್ತಿನಲ್ಲಿ ಏನೇನಾಯಿತು ಎಂದು ಹುಡುಕಿ ದೊಡ್ಡ ರಟ್ಟಿನ ಮೇಲೆ ಬರೆಯಬೇಕು. ಯುದ್ಧಗಳು ಒಂದು ಕಡೆ, ವಿಪತ್ತುಗಳು ಇನ್ನೊಂದು ಕಡೆ, ಉಳಿದದ್ದು ನಡುವೆ. ಕೆಳಗೆ, ಆಗ ನಿಮ್ಮ ಹಿರಿಯರು ಏನು ಮಾಡುತ್ತಿದ್ದರು ಎಂಬುದು.

ಆಯಿಯ ಲೆಕ್ಕಕ್ಕೆ ಸಿಕ್ಕಿದ್ದು 1948. ಹುಡುಗಿ ಬರ್ಲಿನ್ನಿನ ದಿಗ್ಬಂಧನ ಬರೆದಳು, ಇಸ್ರೇಲಿನ ಯುದ್ಧ, ಜಪಾನಿನ ಭೂಕಂಪ, ಲಂಡನ್ನಿನ ಒಲಿಂಪಿಕ್ಸ್, ದೆಹಲಿಯಲ್ಲಿ ಮಹಾತ್ಮನ ಕೊಲೆ. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ಆಯಿ ಕೊನೆಯವರೆಗೂ ಕೇಳಿ, "ನಮ್ಮ ಹೈದ್ರಾಬಾದಿನ ಗದ್ಲ ಇದರಾಗ ಇಲ್ಲೇನು?" ಎಂದರು.

ಇರಲಿಲ್ಲ.

ಆಯಿ ಕೈಯ ಹಿಟ್ಟು ಕೊಡವಿ ಕೂತರು. ಹುಡುಗಿ ನಮ್ಮ ಕಾಲ ಬಳಿ ನೆಲದ ಮೇಲೆ ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದಳು. ಆಯಿ ನನಗಷ್ಟೇ ಎಂದುಕೊಂಡು ಹೇಳಿದ್ದು ಇದು.

ನಿಜಾಮನ ರಾಜ್ಯದಲ್ಲಿ ಅವನ ಪರದ ಮುಸ್ಲಿಂ ಪಡೆಯಾದ ರಜಾಕಾರರ ಹಾವಳಿ ಜೋರಾಗಿದ್ದ ದಿನಗಳು. ಆಯಿಯ ಅಪ್ಪ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದ. ಮನೆಯಲ್ಲಿ ತಾಯಿ, ಮಕ್ಕಳು. ಪಕ್ಕದಲ್ಲಿ ಒಂದು ಮುಸ್ಲಿಂ ಕುಟುಂಬ, ಆ ಮನೆಯಲ್ಲಿ ಆಯಿಯ ಓರಗೆಯ ಹುಡುಗಿ. ಎರಡೂ ಮನೆಗಳ ನಡುವಿನ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ನೆಲದಡಿ ತೋಡಿದ ಆಳದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಒಬ್ಬರು ಇಳಿಯುವಷ್ಟು.

ಊರಿಗೆ ಬೆಂಕಿ ಬಿದ್ದ ದಿನ ಆ ಮನೆಯ ಯಜಮಾನ ಓಡಿ ಬಂದ. ಆಯಿ ಅವನನ್ನು ಕಾಕಾ ಎನ್ನುತ್ತಿದ್ದರು. "ಹಗೇವಿನಾಗ ಗಾಳಿ ಕೆಟ್ಟಿರ್ತದ. ಅಷ್ಟು ಗಡಿಬಿಡ್ಯಾಗೂ ಕಾಕಾ ಮೊದಲ ಕಂದೀಲು ಇಳಿಬಿಟ್ಟು ನೋಡಿದ. ಆರಲಿಲ್ಲ. ಆಮ್ಯಾಲ ನಮ್ಮನ್ನ ಇಳಿಸಿದ, ಮ್ಯಾಲ ಕಲ್ಲು ಎಳದ." ಮೇಲೆ ಗಂಡಸರು ಬಂದು ಕೇಳಿದ್ದು, ಇಲ್ಲಿ ಯಾರೂ ಇಲ್ಲವೆಂದು ಕಾಕಾ ಹೇಳಿದ್ದು, ಎರಡೂ ಕೆಳಗೆ ಕೇಳಿಸಿತ್ತಂತೆ.

"ಮುಂದ ಪೊಲೀಸ್ ಆ್ಯಕ್ಷನ್ ಆತು, ಮಿಲ್ಟ್ರಿ ಬಂತು, ನಿಜಾಮ ಸೋತ. ನಮಗ ಸುಖಾ ಆತು ಅಂದ್ಕೊಂಡ್ವಿ. ಆವಾಗ ಬ್ಯಾರೆ ಮಂದಿ ಬಂದ್ರು, ನಮ್ಮ ಮಂದಿನೇ. ಕಾಕಾನ ಮನಿ ಹುಡುಕ್ಕೋತ." ಆಯಿಯ ತಾಯಿ ಕಾಕಾನ ಹೆಂಡತಿಯನ್ನೂ ಮಗಳನ್ನೂ ಅದೇ ಹಗೇವಿಗೆ ಇಳಿಸಿದಳು. ಕಲ್ಲಿನ ಮೇಲೆ ಕೂತು ಜೋಳ ಹಸನು ಮಾಡುತ್ತ, ಯಾರನ್ನೂ ಕಂಡಿಲ್ಲ ಎಂದಳು.

"ಕಾಕಾ ಅವತ್ತ ಸಂತಿಗಿ ಹೋಗಿದ್ದ" ಎಂದರು ಆಯಿ. "ದಾರ್‍ಯಾಗ ಹಿಡದ್ರು. ನಮ್ಮ ಮ್ಯಾಲ ಕಲ್ಲು ಮುಚ್ಚಿದಾಂವ ಅವನೇ... ಅವನಿಗಿ ಯಾರೂ ಮುಚ್ಚಲಿಲ್ಲ."

ಕಾಕಾನ ಹೆಂಡತಿ, ಮಗಳು ಹೈದರಾಬಾದಿನ ನೆಂಟರ ಮನೆಗೆ ಹೋದರು. ಮತ್ತೆ ಭೇಟಿಯಾಗಲಿಲ್ಲ.

ಆಯಿ ನನ್ನ ಮಂಡಿ ಮುಟ್ಟಿದರು. "ಇದು ಕೂಸಿಗಿ ಹೇಳಬ್ಯಾಡವ್ವಾ. ಯಾರು ಸುಟ್ರು ಅಂತ ಕೇಳ್ತಾಳ. ಹೆಸರ ಹೇಳಿದ್ರ ನಾಳಿ ಆ ಗೆಳತಿ ಮುಖಾ ಇಕಿಗಿ ಬ್ಯಾರೆ ಕಾಣ್ತದ. ಏಳು ಸಮುದ್ರ ದಾಟಿ ಬಂದು ಅದೇ ಜಗಳ ಇಲ್ಲಿ ಬಿತ್ತಲೇನು? ಸಾಲಿ ಬಂದ್ ಇತ್ತು, ಆಟ ಆಡಿದ್ವಿ ಅನ್ನು."

ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. "ಓಕೆ ಆಂಟಿ" ಎಂದು ಬರೆದುಕೊಂಡಳು.

ಪ್ರಾಜೆಕ್ಟ್ ತೋರಿಸುವ ದಿನ ಆಯಿಯನ್ನು ನಾನೇ ಡ್ರೈವ್ ಮಾಡಿ ಕರೆದುಕೊಂಡು ಹೋದೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಕೂತೆವು. ಮೊದಲ ಸಾಲಿನಲ್ಲಿ ಗೆಳತಿ, ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಹುಡುಗಿ ಯುದ್ಧಗಳನ್ನು ಓದಿದಳು, ವಿಪತ್ತುಗಳನ್ನು ಓದಿದಳು. ಶಾಲೆ ಮುಚ್ಚಿತ್ತು, ನನ್ನ ಆಯಿ ಆಟ ಆಡಿದಳು ಎಂದು ಓದಿ ನಿಲ್ಲಿಸಿದಳು. ಆಮೇಲೆ ರಟ್ಟಿನ ಮೇಲೆ ಇಲ್ಲದ್ದನ್ನು ಹೇಳತೊಡಗಿದಳು.

ಇಂಗ್ಲಿಷಿನ ನಡುವೆ "ಹಗೇವು" ಎಂಬ ಶಬ್ದ ಬಂದಾಗ ನಾನು ಆಯಿಯತ್ತ ತಿರುಗಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ ಎಂದಳು. ಕೆಲವರು ಊರು ಸುಟ್ಟರು, ಪಕ್ಕದ ಮನೆಯವರು ನನ್ನ ಆಯಿಯನ್ನು ಅದರಲ್ಲಿ ಬಚ್ಚಿಟ್ಟರು. ಆಮೇಲೆ ಬೇರೆ ಕೆಲವರು ಬಂದರು, ಆಯಿಯ ಅಮ್ಮ ಪಕ್ಕದ ಮನೆಯವರನ್ನು ಅದರಲ್ಲೇ ಬಚ್ಚಿಟ್ಟಳು. ಯಾವ ಕಡೆಯವರ ಹೆಸರನ್ನೂ ಅವಳು ಹೇಳಲಿಲ್ಲ. ಅದು ಒಂದೇ ಗುಂಡಿ ಎಂದು ಮಾತ್ರ ಎರಡು ಸಲ ಹೇಳಿದಳು.

ಅಪ್ಪ ಯುದ್ಧಕ್ಕೆ ಹೋಗಿದ್ದ ಒಂದು ಹುಡುಗಿ ಕೈಯೆತ್ತಿದಳು. "ಕೊನೆಗೆ ಎಲ್ಲರೂ ಮನೆಗೆ ಬಂದರಾ?"

ಮೊಮ್ಮಗಳು ಆಯಿಯತ್ತ ನೋಡಿದಳು. ನಾನು ಪ್ರಶ್ನೆಯನ್ನು ಕನ್ನಡಕ್ಕೆ ತರಲು ಬಗ್ಗುವಷ್ಟರಲ್ಲಿ ಆಯಿ ಕುರ್ಚಿ ಹಿಡಿದು ಎದ್ದು ನಿಂತಿದ್ದರು.

"ನೋ" ಎಂದರು. ಆ ಮಗುವನ್ನೇ ನೋಡುತ್ತ, "ಒಬ್ಬಾಂವ ಬರಲಿಲ್ಲವ್ವಾ" ಎಂದರು.

ಅದನ್ನು ಇಂಗ್ಲಿಷಿಗೆ ತಂದವಳು ಮೊಮ್ಮಗಳು. ಕಲ್ಲು ಮುಚ್ಚಿದ್ದವನೇ ಅವನು ಎಂಬುದನ್ನೂ ಅವಳೇ ಸೇರಿಸಿದಳು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಕಾರಿನಲ್ಲಿ ಆಯಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯ ಕಳ್ಳಿ! ಹಂಗಾದ್ರ ನಾ ಸೊಸಿಗಿ ಬೈದಿದ್ದೆಲ್ಲಾ...?" ಇಬ್ಬರೂ ಸಿಗ್ನಲ್ಲಿನಲ್ಲಿ ನಿಂತು ನಕ್ಕೆವು.

ಸಂಜೆ ಗರಾಜಿನ ಬಾಗಿಲು ಎಂದಿಗಿಂತ ಬೇಗ ತೆರೆಯಿತು. ಆಯಿ ರೊಟ್ಟಿ ಬಡಿಯುತ್ತ ಬೀದಿಯನ್ನೇ ನೋಡುತ್ತಿದ್ದರು. ಹುಡುಗಿಯರಿಬ್ಬರೂ ಕಾಲಲ್ಲಿ ತಳ್ಳುವ ಒಂದೇ ಸ್ಕೂಟರಿನ ಮೇಲೆ ಬಂದರು. ಯಾರ ರೊಟ್ಟಿ ಹೆಚ್ಚು ಉಬ್ಬಿದೆ ಎಂದು ಜಗಳ ಶುರುವಾಯಿತು. ಆಯಿ ಅವತ್ತು ಒಂದು ಮುದ್ದೆ ಹೆಚ್ಚಿಗೆ ನಾದಿದರು.

ಮರುವರ್ಷ ಅವರು ಊರಿಗೆ ಮರಳಿದರು. ಹೋದ ವರ್ಷ ತೀರಿಕೊಂಡರು. ನಾವು ಆಗಲೇ ಟೊರೆನ್ಸ್‌ಗೆ ಬಂದಿದ್ದೆವು. ಸುದ್ದಿ ಬಂದಾಗ ಎಲ್ಲ ಮುಗಿದು ವಾರವಾಗಿತ್ತು.

ಮೊನ್ನೆ ಆ ಗರಾಜನ್ನು ದಾಟಿ ಮನೆಗೆ ಬಂದು ಮೊಮ್ಮಗಳಿಗೆ ಫೋನ್ ಮಾಡಿದೆ. ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದಳು. ಆಮೇಲೆ ನಿಧಾನವಾಗಿ, ಆಯಿಯದೇ ಧಾಟಿಯ ಕನ್ನಡದಲ್ಲಿ ಕೇಳಿದಳು.

"ಆಂಟಿ, ಆ ಕಾಕಾನ ಹೆಸರು ಏನಿತ್ತು? ಆಯಿ ನಿಮಗ ಹೇಳಿದ್ರೇನು?"

"ಇಲ್ಲ, ಪುಟ್ಟಿ... ನಾನು ಕೇಳಲೇ ಇಲ್ಲ."