ಬಚ್ಚಲಮನೆಯ ಚಿಲಕ

"ಬಚ್ಚಲಿಗೆ ಒಳಗಡೆಯಿಂದ ಒಂದು ಚಿಲಕ ಹಾಕ್ಸಿಕೊಡಿ ಸ್ವಾಮಿ, ಅಷ್ಟೇ ಸಾಕು," ಎಂದರು ಕೆಂಪಮ್ಮಜ್ಜಿ. ಸಮಿತಿಯವರೆಲ್ಲ ನಕ್ಕುಬಿಟ್ಟರು.

ಸ್ವಾತಂತ್ರ್ಯ ಬಂದ ಹೊಸತು. ವಿದ್ಯಾರಣ್ಯಪುರಂನಲ್ಲಿ ದಿಕ್ಕಿಲ್ಲದ ವೃದ್ಧೆಯರಿಗಾಗಿ ಇದ್ದ ಆಶ್ರಮವೊಂದಕ್ಕೆ, ಅದರ ಸಮಿತಿಯಲ್ಲಿದ್ದ ಸ್ನೇಹಿತನ ಜೊತೆ ಸುಮ್ಮನೆ ಹೋಗಿದ್ದೆ. "ಇನ್ಮೇಲೆ ಪ್ರಜೆಗಳದ್ದೇ ರಾಜ್ಯ ಕಣ್ರಮ್ಮ. ಈ ಮನೆಗೆ ಏನು ಬೇಕೋ ನೀವೇ ಹೇಳಿ," ಎಂದು ಅಧ್ಯಕ್ಷರೇ ಕೇಳಿದ್ದರು. ರೇಡಿಯೋ ಕೇಳುತ್ತಾರೆಂದು ಅವರು ಎಣಿಸಿದ್ದರು.

"ಒಳಗೆ ಬಿದ್ದುಹೋದ್ರೆ ಬಾಗಿಲು ತೆಗೆಯೋರು ಯಾರು?" ಎಂದರು ಅಧ್ಯಕ್ಷರು.

"ಮೈಮೇಲೆ ನೀರು ಹುಯ್ಕೊಳ್ವಾಗ್ಲೇ ಆಯಾ ಬಾಗ್ಲು ತಳ್ಕೊಂಡು ಬತ್ತಾಳೆ. ಬಿದ್ರೆ ಬಾಗ್ಲು ಹಾಕ್ಕೊಂಡೇ ಬೀಳ್ತೀನಿ, ಬುಡಿ!"

ಕೆಲವು ತಿಂಗಳ ಮೇಲೆ ಮತ್ತೆ ಹೋದಾಗ ಸ್ನೇಹಿತ ಹೆಮ್ಮೆಯಿಂದ ಬಚ್ಚಲಮನೆಯತ್ತ ಕೈತೋರಿಸಿ, "ನೋಡಯ್ಯಾ, ಚಿಲಕ ಹಾಕ್ಸಿಬಿಟ್ವಿ!" ಎಂದ. ಹೊಸ ಚಿಲಕ ಬಾಗಿಲಿನ ಹೊರಗಡೆ ಇತ್ತು. ಸ್ನಾನಕ್ಕೆ ಹೋದವರನ್ನು ಆಯಾ ಒಳಗೆ ಬಿಟ್ಟು ಚಿಲಕ ಹಾಕಿ, ತನಗೆ ಬಿಡುವಾದಾಗ ತೆಗೆಯುತ್ತಿದ್ದಳು. ನಾವು ನಿಂತಿದ್ದಾಗಲೂ ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. "ತಗಿಯವ್ವಾ, ಚಳಿ ಆಯ್ತದೆ" ಎಂಬ ಆ ದನಿ ಕೆಂಪಮ್ಮಜ್ಜಿಯದೇ ಇರಬೇಕು.

ಅಂದಿನ ಸಭೆಯಲ್ಲಿ ಅಜ್ಜಿ ಬಾಯಿಯೇ ಬಿಡಲಿಲ್ಲ, ಚಿಲಕ ಸಮಿತಿಯದೇ ಯೋಚನೆ ಎಂದು ಇಷ್ಟು ವರ್ಷಗಳ ಮೇಲೆ ಸ್ನೇಹಿತ ವಾದಿಸುತ್ತಾನೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವವನಲ್ಲ. ಕೇಳಿ ತಿಳಿಯೋಣವೆಂದರೆ, ಆ ಸಭೆಯಲ್ಲಿ ಕುಳಿತಿದ್ದ ಅಜ್ಜಿಯರಲ್ಲಿ ಈಗ ಒಬ್ಬರೂ ಉಳಿದಿಲ್ಲ.