ಏಳು ದಿನದ ಚೈನಿಗೆ ಹಾಕಿದ ಎಣ್ಣೆ

ಹೋದ ವಾರ ಪಕ್ಕದ ಮನೆಯ ಹುಡುಗಿ ತನ್ನ ಹೊಸ ಗೇರಿನ ಸೈಕಲ್ಲನ್ನು ನಮ್ಮ ಕಟ್ಟೆಗೆ ಒರಗಿಸಿ, ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ ನನ್ನ ಕೈಗಿಟ್ಟಳು. ಚೈನಿಗೆ ಹಾಕುವ ಎಣ್ಣೆಯಂತೆ. ಅಂಗಡಿಯವನು ಮಳೆಗಾಲದ್ದೊಂದು, ಒಣ ಹವೆಯದ್ದೊಂದು ಅಂತ ಎರಡು ಬಗೆ ತೋರಿಸಿದನಂತೆ. ತಾನು ತಂದದ್ದು ಸರಿಯೋ ಅಲ್ಲವೋ ನೋಡಿ ಹೇಳಿ ಆಜೋಬಾ, ಅಂದರೆ ಅಜ್ಜಾ, ಎಂದು ಮರಾಠಿಯಲ್ಲಿ ಕೇಳಿದಳು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳಿಗೆ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಮಿರಜಿನಲ್ಲಿ ಜೀವಮಾನವಿಡೀ ಸೈಕಲ್ ರಿಪೇರಿ ಮಾಡಿದವನು ಎಣ್ಣೆಯನ್ನು ಮೊದಲು ಮೂಗಿನಿಂದಲೇ ನೋಡುವುದು. ಇದಕ್ಕೆ ವಾಸನೆಯೇ ಇರಲಿಲ್ಲ, ನೀರಿನಂತೆ ತೆಳ್ಳಗಿತ್ತು. ಬಾಟಲಿಯ ಮೇಲೆ ಚಿತ್ರವಿತ್ತು... ಒಂದೊಂದು ಕೊಂಡಿಗೆ ಒಂದೊಂದು ಹನಿ, ಆಮೇಲೆ ಬಟ್ಟೆ ಹಿಡಿದು ಒರೆಸುವ ಕೈ. ಮುಚ್ಚಳ ಹಾಕುವುದನ್ನೂ ಮರೆತು ಅದನ್ನೇ ನೋಡಿದೆ. ಇದೇ ಮಾತನ್ನು ನನಗೆ ಒಬ್ಬರು ಬಾಯಿಬಿಟ್ಟು ಹೇಳಿದ್ದರು. ನಾನು ಕೇಳಿರಲಿಲ್ಲ.

ಅವರನ್ನು ಎಲ್ಲರೂ ಸೈಕಲ್ ಮಾಮಾ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ. ಬಿಜಾಪುರದ ಕಡೆಯಿಂದ ಬಂದವರು. ಯಾವುದಾದರೂ ಬಯಲಿನಲ್ಲಿ ಗೂಟ ನೆಟ್ಟು, ಸುತ್ತ ಹಗ್ಗ ಕಟ್ಟಿ, ಅದರೊಳಗೆ ಏಳು ಹಗಲು ಏಳು ಇರುಳು ಇಳಿಯದೆ ಸೈಕಲ್ ತುಳಿಯುವುದು ಅವರ ಕಸುಬು. ಊಟ, ಸ್ನಾನ, ಗಡ್ಡ ಹೆರೆದುಕೊಳ್ಳುವುದು, ಅಂಗಿ ಬದಲಿಸುವುದು ಎಲ್ಲ ಸೈಕಲ್ಲಿನ ಮೇಲೆಯೇ. ಉಳಿದದ್ದನ್ನು ನೀವು ಕೇಳಬೇಡಿ, ನಾನೂ ಕೇಳಲಿಲ್ಲ. ಕಾಲು ಒಮ್ಮೆ ನೆಲಕ್ಕೆ ತಾಗಿತೋ, ಆಟ ಮುಗಿಯಿತು. ಇಂಥ ಆಟದವರು ಆಗ ನಮ್ಮ ಕಡೆ ವರ್ಷಕ್ಕೊಬ್ಬರಾದರೂ ಬರುತ್ತಿದ್ದರು.

ಸಾಂಗ್ಲಿಯ ಸುತ್ತಮುತ್ತ ಎಲ್ಲಿ ನೋಡಿದರೂ ಸಹಕಾರಿ ಎನ್ನುವ ಕಾಲ ಅದು. ಸಕ್ಕರೆ ಸಹಕಾರಿ, ಹಾಲು ಸಹಕಾರಿ, ನೂಲು ಸಹಕಾರಿ. ಯಾವುದಾದರೊಂದು ಸಂಘದಲ್ಲಿ ಕಾಯಂ ನೌಕರಿ ಸಿಕ್ಕರೆ ಮನುಷ್ಯ ದಡ ಸೇರಿದ ಹಾಗೆ. ಅಂಥ ಒಂದು ಸಂಘದ ಬಯಲು ಸಾಂಗ್ಲಿಯ ಅರಿಶಿನ ಗೋದಾಮುಗಳ ಹಿಂದಿತ್ತು. ಸಂಘದ ಚೇರಮನ್ನರು ಮಾಮಾನ ಆಟವನ್ನು ಹತ್ತಿರದ ಕಸಬೆ ಡಿಗ್ರಜ ಎಂಬ ಊರಿನಲ್ಲಿ ಕಂಡು ಮೆಚ್ಚಿಕೊಂಡಿದ್ದರು. ನಮ್ಮ ಬಯಲಿನಲ್ಲಿ ಏಳು ದಿನ ಪೂರೈಸು, ಗೋದಾಮಿನ ವಾಚಮನ್ ಕೆಲಸ ಕಾಯಂ, ಇರಲಿಕ್ಕೊಂದು ಖೋಲಿ ಎಂದು ಎಲ್ಲರೆದುರು ಮಾತು ಕೊಟ್ಟರು. ಮಾಮಾ ಈ ಸುದ್ದಿ ಹೇಳಲು, ತಾವು ಸೈಕಲ್ ರಿಪೇರಿಗೆ ಬರುತ್ತಿದ್ದ ನನ್ನ ಅಂಗಡಿಗೆ ಬಂದದ್ದು ನೆನಪಿದೆ. ಸ್ಟೂಲಿನ ತುದಿಯಲ್ಲಿ ಕೂತು, ಚಹಾ ಆರಿದರೂ ಕುಡಿಯದೆ ಮಾತಾಡಿದರು. ಹನ್ನೊಂದು ವರ್ಷದಿಂದ ಹೀಗೇ ಸುತ್ತುತ್ತಿದ್ದಾರಂತೆ. ಹೆಂಡತಿ ಯಾವ ಊರಿನಲ್ಲೂ ಎರಡು ವಾರಕ್ಕಿಂತ ಹೆಚ್ಚು ಒಲೆ ಹೂಡಿಲ್ಲವಂತೆ.

"ಹತ್ತ ಊರ ತಿರಗೇನಿ ಅಂತಾರ್ರಿ ಮಂದಿ," ಎಂದರು. "ನಾ ಯಾವ ಊರೂ ನೋಡಿಲ್ರಿ ಮಿಸ್ತ್ರಿ. ಹಗ್ಗದ ಒಳಗಿಂದ ಅಷ್ಟ ನೋಡೇನಿ. ಬಾಗಲಾ ಕಾಯೂ ಕೆಲಸ ಸಿಕ್ರ ಒಂದ ಕಡೆ ನಿಂದರಬೌದು."

ನಿಲ್ಲುವುದಕ್ಕಾಗಿ ಇಷ್ಟು ಆಸೆಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನನಗೂ ಉಮೇದು ಬಂತು. ಸುಳ್ಳೇಕೆ, ಉಮೇದಿಗಿಂತ ಹೆಚ್ಚು ಹಮ್ಮು. ಆಟಕ್ಕೆ ನನ್ನದೇ ಸೈಕಲ್ಲೊಂದನ್ನು ತಯಾರು ಮಾಡಿಕೊಡುತ್ತೇನೆ, ಹಗ್ಗಕ್ಕೆ ನನ್ನ ಅಂಗಡಿಯ ಬೋರ್ಡು ಕಟ್ಟಬೇಕು ಎಂದೆ. ಸಾಂಗ್ಲಿ ಮಂದಿ ಏಳು ದಿನ ನನ್ನ ಹೆಸರು ಓದಲಿ ಅಂತ.

ಎಲ್ಲ ಬಿಚ್ಚಿ ತೊಳೆದು ಜೋಡಿಸಿದ ಮೇಲೆ ಎಣ್ಣೆಯ ಮಾತು ಬಂತು. ಅಂಗಡಿಯಲ್ಲಿ ಎರಡು ಇದ್ದವು. ಹೊಲಿಗೆ ಮಶೀನಿನ ತೆಳು ಎಣ್ಣೆ ಒಂದು, ಕಾರ್ಖಾನೆಯ ಗೇರಿಗೆ ಹಾಕುವ, ಕಾಕಂಬಿಯಂತೆ ಕಪ್ಪಗೆ ಮಂದವಾದ ಎಣ್ಣೆ ಒಂದು. ಮಾಮಾ ತೆಳುವಿನ ಡಬ್ಬಿ ಎತ್ತಿಕೊಂಡರು.

"ದಪ್ಪಂದು ಬ್ಯಾಡ್ರಿ. ಅದು ಧೂಳ ಕರೀತೈತಿ," ಎಂದರು. "ತೆಳ್ಳಂದು ಹಾಕ್ರಿ, ಕೊಂಡಿಗೊಂದ ಹನಿ. ಆಮ್ಯಾಲ ಮ್ಯಾಲಿಂದೆಲ್ಲಾ ಒರಸಿ ಬಿಡ್ರಿ. ದಿನಾ ಎರಡ ಸರತಿ ಹಾಕಿದ್ರ ಚೈನ ಏಳು ದಿನ ತಡೀತೈತಿ."

ಅದೇ ನನಗೆ ಸರಿಬರಲಿಲ್ಲ. ದಿನಕ್ಕೆರಡು ಸಲ ಎಣ್ಣೆ ಹಾಕುವುದೆಂದರೆ, ಸೈಕಲ್ ನಿಲ್ಲುವಂತಿಲ್ಲವಾದ್ದರಿಂದ, ನಾನು ಡಬ್ಬಿ ಹಿಡಿದು ಅವರ ಬೆನ್ನ ಹಿಂದೆ ಗಾಣದ ಎತ್ತಿನ ಹಾಗೆ ಸುತ್ತಬೇಕು. ಅದೂ ನನ್ನದೇ ಬೋರ್ಡಿನ ಮುಂದೆ, ಸಾಂಗ್ಲಿ ಮಂದಿಯೆಲ್ಲ ನೋಡುತ್ತಿರುವಾಗ. ಚೈನಿನ ವಿದ್ಯೆ ನನಗೆ ಕಲಿಸಬೇಡ, ಮಂದ ಎಣ್ಣೆ ಒಮ್ಮೆ ಹಾಕಿದರೆ ಹದಿನೈದು ದಿನ ನೋಡಬೇಕಾಗಿಲ್ಲ ಎಂದು ಗದರಿದೆ. ಅವರು ಡಬ್ಬಿ ಕೆಳಗಿಟ್ಟರು. ಸೈಕಲ್ ನನ್ನದು, ಅಂಗಡಿ ನನ್ನದು, ಏನು ಹೇಳಿಯಾರು? ನಾನು ಚೈನನ್ನು ಆ ಕಪ್ಪು ಎಣ್ಣೆಯಲ್ಲಿ ಮುಳುಗಿಸಿ ತೆಗೆದೆ. ಒರೆಸಲೂ ಇಲ್ಲ. ಅರಿಶಿನ ಹಮಾಲರ ಸೈಕಲ್ಲುಗಳು ವಾರಕ್ಕೆ ಮೂರಾದರೂ ನನ್ನ ಅಂಗಡಿಗೆ ಬರುತ್ತಿದ್ದವು, ಅವುಗಳ ಚೈನು ಹಳದಿ ಗಟ್ಟಿಯಾಗಿ ಮಡಚದಂತಾಗಿರುತ್ತಿದ್ದದ್ದನ್ನು ನಾನೇ ಚಾಕುವಿನಿಂದ ಕೆರೆಯುತ್ತಿದ್ದೆ. ಅದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ...

ಮೊದಲ ಮೂರು ದಿನ ನಾನು ಬೀಗುತ್ತ ತಿರುಗಿದೆ. ಚೈನು ಕಿಮಕ್ ಎನ್ನಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಮಿರಜಿನಿಂದ ಬಸ್ಸಿಗೆ ಹೋಗಿ ಹಗ್ಗದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ. ಮಾಮಾ ಯಾವಾಗಲೂ ಎಡಕ್ಕೇ ಸುತ್ತುತ್ತಿದ್ದರು. ಅವರ ಹೆಂಡತಿ ಗೂಟದ ಹತ್ತಿರ ರೊಟ್ಟಿಯ ತಾಟು ಹಿಡಿದು ನಿಂತಿರುವಳು. ಒಂದು ಸುತ್ತಿಗೆ ಒಂದು ತುತ್ತು. ಅವರು ಅಗಿಯುತ್ತ ಹೋಗಿ, ನುಂಗಿ, ಮತ್ತೆ ಬಂದು ಬಾಯಿ ತೆರೆಯುವರು. ಒಂದು ರೊಟ್ಟಿ ಮುಗಿಯಲು ಇಪ್ಪತ್ತು ಸುತ್ತು. ಸಂಘದ ಖೋಲಿಯ ಕೀಲಿಯನ್ನು ಗೋಡೆಯ ಯಾವ ಗೂಟಕ್ಕೆ ನೇತುಹಾಕಿದ್ದಾರೆಂದು ಆಕೆ ಆಫೀಸಿನ ಕಿಟಕಿಯಿಂದ ನೋಡಿಕೊಂಡು ಬಂದಿದ್ದಳು. ಅದನ್ನು ನನಗೆ ಎರಡು ಸಲ ಹೇಳಿದಳು.

ನಾಲ್ಕನೆಯ ದಿನ ಗೋದಾಮಿನಲ್ಲಿ ಅರಿಶಿನ ಪಾಲಿಶ್ ಮಾಡುವ ಡ್ರಮ್ಮುಗಳನ್ನು ಶುರು ಮಾಡಿದರು. ಬಯಲೆಲ್ಲ ಹಳದಿ ಮಂಜು. ಸಂಜೆಯೊಳಗೆ ನನ್ನ ಕಪ್ಪು ಚೈನು ಮದುಮಗನ ಮೈಯಂತೆ ಹಳದಿಯಾಯಿತು. ಐದನೆಯ ದಿನ ಕೊಂಡಿಗಳು ಮಡಚಿಕೊಳ್ಳಲು ತಕರಾರು ತೆಗೆದವು. ಒಂದೊಂದು ಸುತ್ತಿಗೆ ಎರಡು ಸಲ ಚೈನು ಹಲ್ಲುಚಕ್ರದ ಮೇಲೆ ಜಿಗಿಯುವುದು, ಕಟಕ್ ಎನ್ನುವುದು. ಆ ಸದ್ದು ಬಂದಾಗಲೆಲ್ಲ ಮಾಮಾನ ಕಾಲು ಪೆಡಲಿನಿಂದ ಜಾರುವುದು ನನಗೆ ಕಾಣುತ್ತಿತ್ತು. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರೆ ಅರ್ಧ ಗಂಟೆಯ ಕೆಲಸ. ಬಿಚ್ಚುವುದು ಹೇಗೆ? ಅವರು ಇಳಿಯುವಂತಿಲ್ಲ. ನಾನು ಎದ್ದು ಹೋಗುವಂತಿಲ್ಲ, ನನ್ನ ಬೋರ್ಡು ಅಲ್ಲಿ ನೇತಾಡುತ್ತಿತ್ತು. ಆ ಹಗ್ಗವನ್ನು ಅವರ ಸುತ್ತ ಕಟ್ಟಿದ್ದೋ ನನ್ನ ಸುತ್ತ ಕಟ್ಟಿದ್ದೋ ಎನ್ನುವಂತಾಗಿತ್ತು. ಮಾಮಾ ಮಾತ್ರ ಒಂದು ಸಲವೂ, ನಾ ಅವತ್ತೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ಆರನೆಯ ದಿನ ಮಧ್ಯಾಹ್ನ, ಬಿಸಿಲಿಗೆ ಮಂದಿಯೆಲ್ಲ ಚದುರಿ, ಮಾಮಾನ ಹೆಂಡತಿಯೂ ರೊಟ್ಟಿ ತರಲು ಹೋಗಿದ್ದಾಗ, ನಾನು ಹಗ್ಗ ದಾಟಿ ಒಳಗೆ ಹೋದೆ. ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿಕೊಂಡು ಸೈಕಲ್ಲಿನ ಬಲಕ್ಕೆ, ಚೈನಿನ ಕಡೆ, ಬಗ್ಗಿ ನಡೆಯುತ್ತ ಕೆಳಗಿನ ಚೈನಿಗೆ ಚಿಂದಿ ಒತ್ತಿ ಹಿಡಿದೆ. ಹಿಂದಕ್ಕೆ ಓಡುವ ಚೈನು ತಾನೇ ತಾನಾಗಿ ಒರೆಸಿಕೊಳ್ಳಲಿ ಅಂತ. ಏನು ಮಾಡಬಾರದೆಂದು ಹೊಸಬರಿಗೆ ಬೈದು ಹೇಳುತ್ತಿದ್ದೆನೋ ಅದನ್ನೇ ಮಾಡುತ್ತಿದ್ದೆ. ನಾಲ್ಕು ಸುತ್ತು ಸರಿಹೋಯಿತು, ಹಳದಿ ಮುದ್ದೆ ಸುಲಿದು ಬರುತ್ತಿತ್ತು. ಐದನೆಯ ಸುತ್ತಿಗೆ ಚಿಂದಿ ಹಿಂದಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡಿತು. ಅದರ ಜೊತೆಗೆ ನನ್ನ ತೋರುಬೆರಳೂ ಒಳಗೆ ಹೋಯಿತು. ಚೈನಿಗೂ ಹಲ್ಲಿಗೂ ನಡುವೆ ಉಗುರಿನ ತನಕ. ಚೈನು ಬಿಗಿದದ್ದು ಕಾಲಿಗೆ ತಿಳಿದು ಮಾಮಾ ತಿರುಗಿ ನೋಡಿದರು. ಮಾಮಾ ಇನ್ನೊಂದು ಅರ್ಧ ಪೆಡಲ್ ತುಳಿದಿದ್ದರೆ ಬೆರಳು ಆ ಕಡೆ ಬೀಳುತ್ತಿತ್ತು.

ಅವರು ತುಳಿಯಲಿಲ್ಲ. ಎರಡೂ ಕಾಲು ಕೆಳಗಿಟ್ಟರು. ಸೈಕಲ್ ನಿಲ್ಲಿಸಿ, ಕೈಯಿಂದ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಚೈನು ಸಡಿಲಿಸಿ, ನನ್ನ ಬೆರಳು ಬಿಡಿಸಿದರು.

ಗೋದಾಮಿನ ನೆರಳಿನಲ್ಲಿದ್ದ ನಾಲ್ಕೈದು ಮಂದಿ ಓಡಿಬಂದರು. ನಾನು ಕೈಯನ್ನು ಅದೇ ಹೊಲಸು ಚಿಂದಿಯಲ್ಲಿ ಸುತ್ತಿ, ಅಂಗಿಯೊಳಗೆ ಒತ್ತಿಕೊಂಡು ಕೂತುಬಿಟ್ಟಿದ್ದೆ. ಆಫೀಸಿನಿಂದ ಚೇರಮನ್ನರೂ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಸೈಕಲ್ಲಿನ ಪಕ್ಕ ನಿಂತಿದ್ದ ಮಾಮಾನನ್ನು ನೋಡಿದರು, ನನ್ನನ್ನು ನೋಡಿದರು. ಸುಸ್ತಾಗಿ ಇಳಿದಿದ್ದರೆ ಆಟ ಮುಗಿದಂತೆ, ಬೇರೇನಾದರೂ ಕಾರಣವಿದ್ದರೆ ಮತ್ತೆ ಹತ್ತಲಿ ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಮಿಸ್ತ್ರಿ, ನೀವ ಬಾಜೂಕ ಇದ್ರಿ. ಯಾಕ ಇಳದಾ ಇಂವಾ?"

ನನ್ನ ಬೆರಳು ಉಳಿಸಲಿಕ್ಕೆ ಎಂದರೆ ಮುಗಿಯುತ್ತಿತ್ತು. ಮಾಮಾ ಮತ್ತೆ ಹತ್ತುತ್ತಿದ್ದರು. ಆದರೆ ಬೆರಳು ಚೈನಿನೊಳಗೆ ಯಾಕೆ ಹೋಯಿತು ಎಂದು ಅವರು ಕೇಳುವರು. ಚೈನು ಯಾಕೆ ಕೆಟ್ಟಿತು, ಎಣ್ಣೆ ಯಾರು ಹಾಕಿದರು ಎಂದು ಕೇಳುವರು. ತಲೆಯ ಮೇಲೆ ನನ್ನ ಬೋರ್ಡು. ನಾನು ಚಿಂದಿ ಸುತ್ತಿದ ಕೈಯನ್ನು ಇನ್ನಷ್ಟು ಒಳಗೆ ಸರಿಸಿದೆ.

"ಗೊತ್ತಿಲ್ರಿ," ಎಂದೆ.

ಮಾಮಾ ನನ್ನ ಮಾತನ್ನು ಕೇಳಿಸಿಕೊಂಡರು. ತಾವಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಒಬ್ಬ ಅಲೆಮಾರಿಯ ಮಾತು ಒಬ್ಬ ಅಂಗಡಿಕಾರನ ಮಾತಿಗೆ ಎದುರಾಗುತ್ತಿತ್ತು. ತಮ್ಮ ಮಾತು ಎಷ್ಟು ತೂಗುತ್ತದೆಂದು ಅವರಿಗೆ ತಿಳಿದಿತ್ತೋ ಏನೋ. ಚೇರಮನ್ನರು ಬೇಸರದಿಂದ ತಲೆಯಾಡಿಸಿ ಒಳಗೆ ಹೋದರು. ಮಾಮಾನ ಹೆಂಡತಿ ತಾಟನ್ನು ಕೆಳಗಿಟ್ಟು ಒಂದೊಂದೇ ಗೂಟ ಕೀಳತೊಡಗಿದಳು. ಮಾಮಾ ಆಕೆಗೆ ಕೈಜೋಡಿಸಲು ಹೋದರು. ಆರು ದಿನ ಎಡಕ್ಕೆ ಸುತ್ತಿದ ದೇಹ, ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ, ಕಾಲು ಎಡಕ್ಕೆ ಎಡಕ್ಕೆ ಎಳೆಯುತ್ತಿದ್ದವು. ಆಕೆ ಎದ್ದು ಬಂದು ಭುಜ ಹಿಡಿದು ನಡೆಸಿದಳು. ಹೋಗುವಾಗ ಅವರು ನನ್ನ ಮುಂದೆ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತಲೂ ಅಂದುಕೊಂಡೆ.

"ಬೆರಳ ಐತೇನ್ರಿ ಮಿಸ್ತ್ರಿ?" ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ. "ಆತು ಬಿಡ್ರಿ ಹಂಗಾರ," ಎಂದು ಹೋದರು.

ಎಂಟು ದಿನದ ಮೇಲೆ ನಾಚಿಕೆಗೆಟ್ಟು ಹುಡುಕಿಕೊಂಡು ಹೋದೆ. ಲಿಂಗನೂರಿನ ಕಡೆ ಕುರಿಯವರ ಜೊತೆ ಕಂಡರು ಎಂದು ಒಬ್ಬರೆಂದರು, ಅಲ್ಲಿ ಇರಲಿಲ್ಲ. ಆಮೇಲೆ ಯಾವ ಊರಿನಲ್ಲಿ ಆಟ ಬಂದರೂ ಬಸ್ಸು ಹತ್ತಿ ಹೋಗಿ ನೋಡಿದೆ. ಬೇರೆ ಯಾರೋ ತುಳಿಯುತ್ತಿರುತ್ತಿದ್ದರು... ವರ್ಷಗಳು ಹೋದವು, ಆ ಆಟವೇ ನಿಂತುಹೋಯಿತು. ಮಾಮಾ ಈಗ ಬದುಕಿರಲಿಕ್ಕಿಲ್ಲ. ಯಾರ ಮುಂದೆಯೂ ಆಡದ ಮಾತು ನನ್ನೊಳಗೆ ಹಾಗೆಯೇ ಸುತ್ತುತ್ತ ಉಳಿಯಿತು.

ಎಣ್ಣೆ ತಂದಿದ್ದ ಹುಡುಗಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಎಣ್ಣೆ ಸರಿಯಾಗಿದೆ ಎಂದು ಹೇಳಿ ಕಳಿಸಿದ್ದರೆ ಸಾಕಿತ್ತು. ಯಾಕೋ ಅವಳಿಗೆ ಇದೆಲ್ಲ ಹೇಳಿಬಿಟ್ಟೆ, ಕನ್ನಡದಲ್ಲಿ, ಮೊದಲಿನಿಂದ ಕಡೆಯವರೆಗೆ. ಹೆಂಡತಿಗೂ ಹೇಳಿರಲಿಲ್ಲ. ಮುಗಿದ ಮೇಲೆ ಹುಡುಗಿ ನನ್ನ ಬಲಗೈ ಎತ್ತಿಕೊಂಡು, ತೋರುಬೆರಳನ್ನು ಮಡಚಿ ಬಿಡಿಸಿ ನೋಡಿ, ಬೆರಳು ಚೆನ್ನಾಗಿದೆಯಲ್ಲ ಆಜೋಬಾ, ಆಮೇಲೆ ಅವರಿಗೆ ಎಲ್ಲಾದರೂ ನೌಕರಿ ಸಿಕ್ಕಿತಾ ಎಂದು ಕೇಳಿದಳು.