ಕೆಲಸ ಕೊಡಲು ಮನೆಗೆ ಬಂದವರು

ಕೆಲಸ ಕೇಳಿಕೊಂಡು ಯಜಮಾನರ ಬಾಗಿಲಿಗೆ ಹೋಗುವುದು ಲೋಕದ ರೂಢಿ. ವಿಠೋಬಾ ಬಾಬ್ ಮಾತ್ರ ಕೆಲಸ ಕೊಡಲು ತಾವೇ ಜನರ ಮನೆಗೆ ಹೋಗುತ್ತಿದ್ದರು, ಅದೂ ಸರಿಯಾಗಿ ಊಟದ ಹೊತ್ತಿಗೆ. ಕಾಳಿ ನದಿ ಸಮುದ್ರ ಸೇರುವ ಚಿತ್ತಾಕುಲದಲ್ಲಿ ಅವರದೊಂದು ಫೈಬರ್ ದೋಣಿ ಕಟ್ಟುವ ಕಾರ್ಖಾನೆಯಿತ್ತು. ಮಂಡಿನೋವಿನಿಂದ ಕುಂಟುತ್ತ ನಡೆಯುವ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುವ ಆ ಮನುಷ್ಯ ಮೀನುಸಾರು ಉಣ್ಣುತ್ತಲೇ ಮನೆಮಂದಿಯನ್ನೆಲ್ಲ ಮಾತಾಡಿಸಿಬಿಡುತ್ತಿದ್ದರು. "ಕೆಲ್ಸಕ್ಕೆ ಒಬ್ರೇ ಬರೂದಿಲ್ಲ, ಹಿಂದೆ ಇಡೀ ಮನೆ ಬರ್ತದೆ. ಮನೆ ಒಪ್ಪದಿದ್ರೆ ಆಳು ನಿಲ್ಲೂದಿಲ್ಲ" ಎನ್ನುವುದು ಅವರ ಮಾತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳವು. ಕೆಲಸ ಕಲಿತ ಹುಡುಗರು ಒಬ್ಬೊಬ್ಬರಾಗಿ ಗೋವಾದ ಹಡಗು ಕಟ್ಟುವ ಕಂಪನಿಗಳಿಗೆ ಹೊರಟುಹೋಗುತ್ತಿದ್ದರು. ಬಾಬ್ ಯಾರನ್ನೂ ತಡೆದವರಲ್ಲ. ಆದರೆ ಒಂದು ಮಳೆಗಾಲ ಅರ್ಧ ಶೆಡ್ಡೇ ಖಾಲಿಯಾಯಿತು. ಮೀನುಗಾರಿಕೆಯ ಹೊಸ ಹಂಗಾಮಿಗೆ ದೋಣಿ ಕೊಡುತ್ತೇನೆಂದು ಅವರು ಮಾತು ಕೊಟ್ಟಾಗಿತ್ತು. ಹೊರಗಿನ ಆಳುಗಳನ್ನು ಗುತ್ತಿಗೆಗೆ ತರಿಸೋಣ ಎಂದರು ಹಳೆಯ ಮೇಸ್ತ್ರಿ. ಬಾಬ್ ಅದಕ್ಕೊಪ್ಪದೆ ಬಸ್ಸು ಹತ್ತಿ ಅವರ್ಸಾಕ್ಕೆ, ನಮ್ಮ ಮನೆಗೆ ಬಂದರು. ಅಂಕೋಲಾ ಪೇಟೆಯಲ್ಲಿ ಮೀನು ಮಾರುವ ನನ್ನ ಅತ್ತೆ ಅವರಿಗೆ ಪರಿಚಯ.

"ನಿಮ್ಮ ಸೊಸೆನ ದೋಣಿ ಕೆಲ್ಸಕ್ಕೆ ಕಳಿಸಿ" ಎಂದಾಗ ಅತ್ತೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತರು.

"ಎಂತ ಹೇಳ್ತ್ರಿ ಬಾಬ್! ಹೆಂಗ್ಸ್ರು ದೋಣಿ ಮುಟ್ಟೂಕೆ ನಮ್ಮಲ್ಲಿ ಬಿಡೂದಿಲ್ಲ."

"ದೋಣಿ ಆದ್ಮೇಲೆ ಮುಟ್ಟೂದು ಬೇಡ. ಅದಕ್ಕಿಂತ ಮೊದ್ಲು ಅದು ಬರೀ ಗಾಜಿನ ಬಟ್ಟೆ, ಅಂಟು. ಅದ್ಕೆಂತ ಶಾಸ್ತ್ರ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ಹಾಗೆ ನಾನು, ನನ್ನ ಹಿಂದೆ ಅವರ್ಸಾದ ಇನ್ನೂ ಕೆಲವು ಹೆಂಗಸರು ಚಿತ್ತಾಕುಲಕ್ಕೆ ಹೋಗತೊಡಗಿದೆವು. ದೋಣಿಯ ಅಚ್ಚಿನೊಳಗೆ ಗಾಜಿನ ನೂಲಿನ ಬಟ್ಟೆ ಹಾಸಿ, ಅಂಟು ಬಳಿದು, ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯುವುದನ್ನು ಮೇಸ್ತ್ರಿ ಗೊಣಗುತ್ತಲೇ ಕಲಿಸಿದರು. ಬಸ್ಸಿಗೆ ಕಾದು ನಾವು ತಡವಾಗಿ ಬರುತ್ತೇವೆಂದು ಅವರು ದೂರಿದಾಗ ಬಾಬ್ ಕೆಲಸದ ವೇಳೆಯನ್ನೇ ಬದಲಿಸಿದರು. "ಗಡಿಯಾರ ನಮ್ದು, ಬಸ್ಸು ಸರಕಾರದ್ದು. ಯಾವ್ದನ್ನ ತಿರುಗ್ಸೂಕೆ ಆಗ್ತದೋ ಅದನ್ನ ತಿರುಗ್ಸೂದು."

ದೋಣಿ ಮುಗಿದ ದಿನ ಅದನ್ನು ಕೊಳ್ಳಬೇಕಿದ್ದ, ಮೀನುದೋಣಿ ನಡೆಸುವ ತಾಂಡೇಲ ಬಂದ. ಶೆಡ್ಡಿನಲ್ಲಿ ನಮ್ಮನ್ನು ಕಂಡು ಅವನ ಮುಖ ಬಿಗಿಯಿತು. "ಹೆಂಗ್ಸ್ರು ಕಟ್ಟಿದ ದೋಣಿಲಿ ನಾ ಸಮುದ್ರಕ್ಕೆ ಹೋಗೂದಿಲ್ಲ." ಇವರು ಕಸ ಗುಡಿಸುವವರೆಂದು ಹೇಳಿಬಿಡಿ ಎಂದು ಮೇಸ್ತ್ರಿ ಬಾಬ್ ಕಿವಿಯಲ್ಲಿ ಉಸುರಿದ್ದು ನನಗೂ ಕೇಳಿಸಿತು. 

ಬಾಬ್ ಗಟ್ಟಿಯಾಗಿಯೇ ಹೇಳಿದರು: "ಇವ್ರೇ ಕಟ್ಟಿದ್ದು. ನೀನು ದಡದಲ್ಲಿ ನಿಲ್ಲು. ನಾನು ಹೋಗಿ ಬರ್ತೆ."

ಮಳೆ ಹಿಂದೆ ಸರಿದಿದ್ದರೂ ನದಿ ಸಮುದ್ರ ಸೇರುವ ಅಳಿವೆಯಲ್ಲಿ ತೆರೆಗಳ ಅಬ್ಬರ ಇಳಿದಿರಲಿಲ್ಲ. ಸಮುದ್ರಕ್ಕಿಳಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಬಾಬ್, ಇಬ್ಬರು ಮೀನುಗಾರರ ಹೆಗಲು ಹಿಡಿದು ದೋಣಿ ಹತ್ತಿದರು. ದೋಣಿಯ ತಳಕ್ಕೆ ಬಟ್ಟೆ ಹಾಸಿದವಳು ನಾನು. ಅದು ತೆರೆಯ ಮೇಲೆ ಮೂತಿಯೆತ್ತಿ ದಪ್ಪೆಂದು ಬೀಳುವಾಗೆಲ್ಲ ನನ್ನ ಬೆನ್ನೇ ಬಿರಿದಂತಾಗುತ್ತಿತ್ತು. ಒಂದು ತೆರೆಯ ಹಿಂದೆ ಅದು ಮರೆಯಾಗಿಯೇ ಹೋಯಿತು.  ಮತ್ತೆ ಕಂಡಾಗ ಅದು ಅಳಿವೆ ದಾಟಿ, ಬಿಸಿಲಲ್ಲಿ ಆರಾಮಾಗಿ ತಿರುಗುತ್ತಿತ್ತು.

ಬಾಬ್ ಮರಳಿದರು. ಬಿಳಿ ಅಂಗಿ ತೊಯ್ದು ಮೈಗಂಟಿತ್ತು. ತಾಂಡೇಲ ದೋಣಿಗೆ ಇಳಿದು, ಕಾಲಡಿಯ ಹಲಗೆ ಎತ್ತಿ, ತಳದುದ್ದಕ್ಕೂ ಅಂಗೈಯಾಡಿಸಿದ. ಎಲ್ಲೂ ಬಿರುಕಿರಲಿಲ್ಲ. ಹೊಗಳಿಕೆಯ ಮಾತು ಅವನ ಬಾಯಿಂದ ಬರಲಿಲ್ಲ. "ನಾಳೆ ಒಡದ್ರೆ ರಿಪೇರಿ ಯಾರು ಮಾಡ್ತ್ರು?" ಎಂದು ಕೇಳಿದ.

ಬಾಬ್ ನನ್ನತ್ತ ಕೈ ತೋರಿದರು. "ಇವಳು. ಅವರ್ಸಾದಲ್ಲೇ ಮನೆ. ಗೋವಾಕ್ಕೆ ಹುಡ್ಕೊಂಡು ಹೋಗೂದು ಬೇಡ."

ಆ ದೋಣಿಯನ್ನು ತಾಂಡೇಲ ಕೊಂಡುಹೋದ. ಮುಂದಿನ ವರ್ಷ ಅವನೇ ತನ್ನ ಅಣ್ಣನನ್ನು ಕರೆತಂದ, ಇನ್ನೊಂದು ದೋಣಿ ಬೇಕೆಂದು.

ಹಳೆಯ ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ಅವರ ಜಾಗ ನನ್ನದಾಯಿತು. ಅಷ್ಟರಲ್ಲಿ ಬಾಬ್ ಹಾಸಿಗೆ ಹಿಡಿದಿದ್ದರು. ಅವರು ತೀರಿಕೊಳ್ಳುವ ವಾರ ನೋಡಲು ಹೋದೆ. ಅವರ ಮಗಳು ಎಬ್ಬಿಸಿ ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದಳು. ನಾನು ಮೆಟ್ಟಿಲು ಹತ್ತುವುದನ್ನು ಕಂಡು ಅವರು ಕುರ್ಚಿಯ ಕೈ ಹಿಡಿದು ಏಳತೊಡಗಿದರು.

"ಕೂತ್ಕೊಳ್ಳಿ ಬಾಬ್, ಕೂತ್ಕೊಳ್ಳಿ" ಎಂದು ಓಡಿದೆ.

"ಕಾರ್ಖಾನೆ ಮೇಸ್ತ್ರಿ ಬಂದಾಗ ಕೂತಿರೂಕೆ ಆಗ್ತದೆಯೇ?" ಎಂದರು. ಮಗಳು ಹಿಡಿಯಲು ಬಂದರೂ ಬೇಡವೆಂದು ತಲೆಯಾಡಿಸಿ, ತಾವೇ ನೆಟ್ಟಗೆ ಎದ್ದು ನಿಂತರು.